ಸುಣ್ಣದ ಕಲ್ಲಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಹೇಗೆ ಹುಟ್ಟುತ್ತೆ? ಪುಲಿವೆಂದುಲ ಫೀಲ್ಡ್ ಟ್ರಿಪ್‌ಗೆ ಮುಂಚೆ ಒಂದು ಅನುಮಾನ

ಶರಧಿ_ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಬ್ಯಾಚನ್ನ ಆಂಧ್ರದ ಕಡಪ ಬೇಸಿನ್‌ಗೆ ಫೀಲ್ಡ್ ಟ್ರಿಪ್ ಕರ್ಕೊಂಡು ಹೋಗ್ತಿದ್ದಾರೆ. ಪಟ್ಟಿಯಲ್ಲಿ ಪುಲಿವೆಂದುಲ ಹತ್ತಿರದ ಬ್ರಾಹ್ಮಣಪಲ್ಲೆ ಕೂಡ ಇದೆ, ಹಳೇ ಕ್ರೈಸೊಟೈಲ್ (ಕಲ್ನಾರಿನ ಒಂದು ಬಗೆ) ಗಣಿ.

ನನ್ನ ಅನುಮಾನ ಇದು. ನಮ್ಮ ನೋಟ್ಸ್‌ನಲ್ಲಿ ಕಲ್ನಾರು ಅಂದ್ರೆ ಡ್ಯೂನೈಟ್, ಪೆರಿಡೊಟೈಟ್ ಥರದ ಅಲ್ಟ್ರಾಮ್ಯಾಫಿಕ್, ಅಂದ್ರೆ ಮೆಗ್ನೀಸಿಯಂ ಕಬ್ಬಿಣ ತುಂಬಿದ ಅಗ್ನಿಶಿಲೆಗಳ ಕಥೆ. ಕೆನಡಾದ ಕ್ವಿಬೆಕ್, ರಷ್ಯಾದ ಉರಲ್, ನಮ್ಮ ಹೊಳೆನರಸೀಪುರ ಎಲ್ಲವೂ ಅದೇ ಲೆಕ್ಕ. ಆದ್ರೆ ಪುಲಿವೆಂದುಲದಲ್ಲಿ ನಾರು ಇರೋದು ವೇಂಪಲ್ಲೆ ಡಾಲೊಮೈಟ್‌ನಲ್ಲಿ. ಸಮುದ್ರದ ತಳದಲ್ಲಿ ಕೂತ ಕಾರ್ಬೊನೇಟ್ ಕಲ್ಲು, ಸ್ಟ್ರೊಮಟೊಲೈಟ್ (ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳ ಪಳೆಯುಳಿಕೆ) ಕೂಡ ಕಾಣುತ್ತಂತೆ. ಅದರೊಳಗೆ ಕಲ್ನಾರು ಹೇಗೆ ಬಂತು? "ಕಾಂಟ್ಯಾಕ್ಟ್ ಮೆಟಮಾರ್ಫಿಸಂ" (ಪಕ್ಕದ ಶಿಲಾಪಾಕದ ಕಾವಿಗೆ ಕಲ್ಲು ಬದಲಾಗೋದು) ಅಂತ ಎರಡು ಪದ ಬರೆದ್ರೆ ವೈವಾದಲ್ಲಿ ಬಿಡಲ್ಲ. ಹಂತ ಹಂತವಾಗಿ ಯಾರಾದ್ರೂ ಹೇಳಿ.

ಸುಮ್ನೆಕೇಳ್ದೆ

ಸುಣ್ಣದ ಕಲ್ಲು ಕಾದ್ರೆ ಅಮೃತಶಿಲೆ ಆಗತ್ತೆ ಅಂತ ಹೈಸ್ಕೂಲಲ್ಲೇ ಓದಿದ್ವಲ್ಲ. ಇನ್ನೂ ಜಾಸ್ತಿ ಕಾದ್ರೆ ಕಲ್ನಾರು. ಅಷ್ಟೇ ತಾನೇ?

ಕಲ್ಲುಮೇಷ್ಟ್ರು

ಅಷ್ಟೇ ಆಗಿದ್ದರೆ ಮಕ್ರಾನಾ ತುಂಬ ಕಲ್ನಾರೇ ಇರಬೇಕಿತ್ತು ಸ್ವಾಮಿ!

ಶುದ್ಧ ಸುಣ್ಣದ ಕಲ್ಲನ್ನು ಎಷ್ಟೇ ಬೇಯಿಸಿ, ಸಿಗೋದು ದಪ್ಪ ಹರಳಿನ ಕ್ಯಾಲ್ಸೈಟ್ ಮಾತ್ರ. ಅದರಲ್ಲಿ ಸ್ವಲ್ಪ ಸಿಲಿಕಾ ಇದ್ದು ಚೆನ್ನಾಗಿ ಕಾದರೆ ವೊಲ್ಲಾಸ್ಟೊನೈಟ್ ಬರುತ್ತೆ. ರಾಜಸ್ಥಾನದ ಸಿರೋಹಿ ಜಿಲ್ಲೆಯ ಬೆಲ್ಕಾ ಪಹಾಡ್‌ನಲ್ಲಿ ಅದರ ಗಣಿ ಇದೆ. ನೋಡೋಕೆ ಸೂಜಿಸೂಜಿಯಾಗಿದ್ದರೂ ಅದು ಕಲ್ನಾರಲ್ಲ. ಕಲ್ನಾರಿನ ಬದಲಿಗೆ ಬಳಸುವ ವಸ್ತು.

ಕಲ್ನಾರು ಅಂತ ಕಾನೂನು ಲೆಕ್ಕ ಹಾಕೋದು ಆರು ಖನಿಜಗಳನ್ನ. ಸರ್ಪೆಂಟೈನ್ ಕುಟುಂಬದ ಕ್ರೈಸೊಟೈಲ್ ಒಂದು. ಆಂಫಿಬೋಲ್ ಕುಟುಂಬದ ಟ್ರೆಮೊಲೈಟ್, ಆಕ್ಟಿನೊಲೈಟ್, ಆಂಥೊಫಿಲೈಟ್, ಕ್ರೊಸಿಡೊಲೈಟ್, ಅಮೊಸೈಟ್ ಐದು. ಕಾರ್ಬೊನೇಟ್ ಕಲ್ಲಿನಲ್ಲಿ ನಾವು ಎದುರು ನೋಡಬೇಕಾದದ್ದು ಮುಖ್ಯವಾಗಿ ಎರಡು: ಕ್ರೈಸೊಟೈಲ್ ಮತ್ತು ಟ್ರೆಮೊಲೈಟ್. ಎರಡಕ್ಕೂ ಮೆಗ್ನೀಸಿಯಂ, ಸಿಲಿಕಾ, ನೀರು ಬೇಕೇ ಬೇಕು. ಶರಧಿಯವರ ಪ್ರಶ್ನೆಯನ್ನ ಹೀಗೆ ತಿರುಗಿಸಿ ನೋಡಿ: ಈ ಮೂರನ್ನೂ ವೇಂಪಲ್ಲೆಗೆ ತಂದವರು ಯಾರು?

ಮೆಗ್ನೀಸಿಯಂ ತರಬೇಕಾಗಿಯೇ ಇರಲಿಲ್ಲ. ಡಾಲೊಮೈಟ್ ಅಂದ್ರೆ ಕ್ಯಾಲ್ಸಿಯಂ ಮೆಗ್ನೀಸಿಯಂ ಎರಡೂ ಸರಿಸಮ ಇರುವ ಕಾರ್ಬೊನೇಟ್. ಪೆರಿಡೊಟೈಟ್ ಬಿಟ್ಟರೆ ಇಷ್ಟು ಮೆಗ್ನೀಸಿಯಂ ಕೂಡಿಟ್ಟುಕೊಂಡ ಕಲ್ಲು ಅಪರೂಪ. ಸಿಲಿಕಾಗೆ ಡಾಲೊಮೈಟಿನ ಪದರಗಳ ನಡುವೆಯೇ ಚರ್ಟ್ (ನುಣುಪಾದ ಗಟ್ಟಿ ಸಿಲಿಕಾ ಕಲ್ಲು) ಪಟ್ಟಿಗಳು, ಗಂಟುಗಳು ಇವೆ; ಜೊತೆಗೆ ಬಿಸಿನೀರು ಕರಗಿಸಿಕೊಂಡು ಬಂದದ್ದೂ ಸೇರಿರುತ್ತೆ. ಆಮೇಲೆ ಸುಮಾರು 188 ಕೋಟಿ ವರ್ಷದ ಹಿಂದೆ ಈ ಪದರಗಳ ಸಂದಿಗೆ ಡೊಲೆರೈಟ್ ಶಿಲಾಪಾಕ ನುಗ್ಗಿ ಅಡ್ಡಡ್ಡ ಹರಡಿಕೊಂಡಿತು. ಅದೇ ಪುಲಿವೆಂದುಲ ಸಿಲ್. ಈ ವಯಸ್ಸು ಅಂದಾಜಿನದಲ್ಲ. ಸಿಲ್‌ನೊಳಗಿನ ಬ್ಯಾಡೆಲಿಯೈಟ್ ಹರಳುಗಳ ಯುರೇನಿಯಂ–ಸೀಸದ ಲೆಕ್ಕದಿಂದ 2008ರಲ್ಲಿ ಪ್ರಕಟವಾದದ್ದು.

ಶಿಲಾಪಾಕ ಒಳಗೆ ಬರುವಾಗ 1100–1200 ಡಿಗ್ರಿ. ಅಂಚಿಗೆ ತಾಗಿದ ಡಾಲೊಮೈಟ್ ಅಷ್ಟು ಬಿಸಿ ಆಗೋದಿಲ್ಲ, ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಏರುತ್ತೆ. ದೂರ ಹೋದ ಹಾಗೆ ಬೇಗ ಇಳಿಯುತ್ತೆ. ಕಲ್ಲುಗಳ ಸಂದಿಯಲ್ಲಿದ್ದ ನೀರು ಕಾದು ಓಡಾಡತೊಡಗುತ್ತೆ. ಮುಂದಿನದೆಲ್ಲ ನಡೆಯೋದು ಈ ನೀರಿನಿಂದ.

ಶರಧಿ_ಎಂಎಸ್ಸಿ

ಸರ್, ಧನ್ಯವಾದ. ರಾಸಾಯನಿಕ ಕ್ರಿಯೆ ಬರೆದು ತೋರಿಸ್ತೀರಾ? ಒಂದೇ ಕ್ರಿಯೆಯಲ್ಲಿ ಕ್ರೈಸೊಟೈಲ್ ಬರುತ್ತಾ ಅಥವಾ ನಡುವೆ ಬೇರೆ ಖನಿಜ ಹುಟ್ಟಿ ಸಾಯ್ತಾವಾ?

ಕಲ್ಲುಮೇಷ್ಟ್ರು

ಎರಡು ದಾರಿ ಇದೆ ತಾಯಿ. ಮಾತಿನಲ್ಲೇ ಬರೀತೀನಿ, ನೀವು ಸೂತ್ರ ಹಾಕಿ ತಾಳೆ ನೋಡಿಕೊಳ್ಳಿ.

ನೇರ ದಾರಿ: ಮೂರು ಪಾಲು ಡಾಲೊಮೈಟ್, ಎರಡು ಪಾಲು ಸಿಲಿಕಾ, ಎರಡು ಪಾಲು ನೀರು ಸೇರಿ ಒಂದು ಪಾಲು ಸರ್ಪೆಂಟೈನ್, ಮೂರು ಪಾಲು ಕ್ಯಾಲ್ಸೈಟ್, ಮೂರು ಪಾಲು ಇಂಗಾಲದ ಡೈಆಕ್ಸೈಡ್.

ಬಳಸು ದಾರಿ: ಮೊದಲು ಬಿಸಿ ಜೋರಾಗಿದ್ದಾಗ ಐದು ಪಾಲು ಡಾಲೊಮೈಟ್, ಎಂಟು ಪಾಲು ಸಿಲಿಕಾ, ಒಂದು ಪಾಲು ನೀರು ಸೇರಿ ಒಂದು ಟ್ರೆಮೊಲೈಟ್, ಮೂರು ಕ್ಯಾಲ್ಸೈಟ್, ಏಳು ಇಂಗಾಲದ ಡೈಆಕ್ಸೈಡ್. ಇನ್ನೂ ಕಾದರೆ ಆ ಟ್ರೆಮೊಲೈಟ್ ಹನ್ನೊಂದು ಪಾಲು ಡಾಲೊಮೈಟನ್ನು ಜೊತೆಗೆಳೆದುಕೊಂಡು ಎಂಟು ಪಾಲು ಫಾರ್ಸ್ಟರೈಟ್ ಆಗುತ್ತೆ, ಅಂದ್ರೆ ಮೆಗ್ನೀಸಿಯಂ ಆಲಿವಿನ್. ಸಿಲ್ ಆರುತ್ತಾ ಬಂದು ನೀರು ಒಳಗೆ ಹರಿದಾಗ ಆ ಫಾರ್ಸ್ಟರೈಟ್ ನೀರು ಹೀರಿ ಸರ್ಪೆಂಟೈನ್ ಮತ್ತು ಬ್ರೂಸೈಟ್ (ಮೆಗ್ನೀಸಿಯಂ ಹೈಡ್ರಾಕ್ಸೈಡ್) ಆಗುತ್ತೆ. ಅಂದ್ರೆ ಪೆರಿಡೊಟೈಟ್‌ನಲ್ಲಿ ನಡೆಯುವ ಕೆಲಸವೇ ಇಲ್ಲಿ ಸುಣ್ಣದ ಕಲ್ಲಿನ ಹೊಟ್ಟೆಯಲ್ಲಿ ನಡೆಯುತ್ತೆ. ಸಿಲಿಕಾ ಇರುವ ಡಾಲೊಮೈಟ್ ಕಾಯುತ್ತಾ ಹೋದಂತೆ ಯಾವ ಖನಿಜದ ನಂತರ ಯಾವುದು ಅನ್ನೋ ಸರಣಿಯನ್ನ 1940ರಲ್ಲೇ ನಾರ್ಮನ್ ಬೋವೆನ್ ಕ್ರಮವಾಗಿ ಜೋಡಿಸಿದ್ದರು. ನಿಮಗೆ ಬಸಾಲ್ಟ್ ಪಾಠದಲ್ಲಿ ಬರುವ ಬೋವೆನ್ನೇ.

ಪುಲಿವೆಂದುಲದ ಯಾವ ತುಂಡು ಯಾವ ದಾರಿಯಲ್ಲಿ ಬಂತು ಅನ್ನೋದಕ್ಕೆ ತೆಳು ಛೇದ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಆಲಿವಿನ್ನಿಂದ ಬಂದ ಸರ್ಪೆಂಟೈನ್ ಆಗಿದ್ದರೆ ಹಳೇ ಹರಳಿನ ದುಂಡು ಆಕಾರ ಉಳಿದು ಒಳಗೆಲ್ಲ ಬಲೆಬಲೆಯಾಗಿ ಕಾಣುತ್ತೆ. ನೇರವಾಗಿ ಡಾಲೊಮೈಟಿನಿಂದ ಬಂದಿದ್ದರೆ ಕಾರ್ಬೊನೇಟ್ ಹರಳುಗಳ ಅಂಚನ್ನು ತಿಂದುಕೊಂಡು ಒಳನುಗ್ಗಿದ ಹಾಗಿರುತ್ತೆ.

ರಾಯದುರ್ಗದಹನುಮ

ನಮ್ಮೂರಿಂದ ಪುಲಿವೆಂದುಲ ದೂರವೇನಲ್ಲ. ನಮ್ಮ ಸೋದರಮಾವ ಆ ಕಡೆ ಒಂದು ಗಣಿಗೆ ಲಾರಿ ಓಡಿಸ್ತಿದ್ರು. ಅವರು ತಂದ ಒಂದು ತುಂಡು ನಮ್ಮ ಶೋಕೇಸಲ್ಲಿ ಇನ್ನೂ ಇದೆ. ಫೋಟೊ ಅಪ್‌ಲೋಡ್ ಆಗ್ತಿಲ್ಲ, ಬರೆದು ಹೇಳ್ತೀನಿ.

ಕಲ್ಲು ತಿಳಿ ಹಸಿರು, ಮೇಣದ ಹೊಳಪು. ಅದರಲ್ಲಿ ಬೆರಳಗಲದ ಒಂದು ಪಟ್ಟಿ, ಹಳದಿ ಕಲೆತ ಬೆಳ್ಳಗೆ, ರೇಷ್ಮೆ ಥರ ಮಿರಿಮಿರಿ. ನಾರು ಪಟ್ಟಿಯ ಉದ್ದಕ್ಕೆ ಇಲ್ಲ, ಅಡ್ಡಕ್ಕಿದೆ: ಈ ಗೋಡೆಯಿಂದ ಆ ಗೋಡೆಗೆ. ಪಟ್ಟಿಯ ನಟ್ಟನಡುವೆ ಒಂದು ಕಪ್ಪು ಗೆರೆ ಹಾದುಹೋಗಿದೆ. ಪಟ್ಟಿ ಮುಗಿದ ಮೇಲೆ ಹಸಿರು ಕಲ್ಲು, ಅದಾದ ಮೇಲೆ ಬೂದು ಬಣ್ಣದ ಡಾಲೊಮೈಟ್. ಉಗುರಲ್ಲಿ ಕೆರೆದ್ರೆ ಹತ್ತಿಯ ಹಾಗೆ ಏಳುತ್ತೆ.

ಇನ್ನೊಂದು. ತಾಡಪತ್ರಿ ಕಡೆ ಇದೇ ಡಾಲೊಮೈಟ್‌ನಲ್ಲಿ ಬಳಪದ ಕಲ್ಲು ತೆಗೀತಾರೆ. ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಲ್ಯಾಬ್‌ಕೋಟು

ಹನುಮಣ್ಣ, ಮೊದಲು ಆ ಕೆರೆಯೋದು ನಿಲ್ಸಿ! ತುಂಡನ್ನ ಒದ್ದೆ ಮಾಡಿ ಎರಡು ಜಿಪ್ ಕವರ್ ಒಳಗೆ ಹಾಕಿಡಿ. ಶೋಕೇಸ್ ಒಳಭಾಗವನ್ನ ಒದ್ದೆ ಬಟ್ಟೇಲಿ ಒರೆಸಿ, ಆ ಬಟ್ಟೆಯನ್ನೂ ಕವರ್‌ಗೆ ಹಾಕಿ ಕಟ್ಟಿ. ಪೊರಕೆ ಬೇಡ.

ನೀವು ಹೇಳಿದ್ದು ಪಠ್ಯಪುಸ್ತಕದ ಚಿತ್ರದಂತಿದೆ. ನಾರು ಅಡ್ಡಕ್ಕಿದ್ರೆ ಕ್ರಾಸ್ ಫೈಬರ್, ಪಟ್ಟಿಯ ಉದ್ದಕ್ಕೆ ಮಲಗಿದ್ರೆ ಸ್ಲಿಪ್ ಫೈಬರ್ ಅಂತೀವಿ. ಎರಡನೆಯದು ಕಲ್ಲು ಜಾರಿದ ಕಡೆ ಸಿಗೋದು. ನಟ್ಟನಡುವಿನ ಗೆರೆ ಸಾಮಾನ್ಯವಾಗಿ ಎರಡು ಕಡೆಯ ನಾರು ಸೇರುವ ಜಾಗ.

ಕಲ್ಲುಮೇಷ್ಟ್ರು

ಬಳಪದ ಕಲ್ಲಿಗೂ ಇದಕ್ಕೂ ರಕ್ತಸಂಬಂಧವೇ ಇದೆ. ಮೂರು ಡಾಲೊಮೈಟ್, ನಾಲ್ಕು ಸಿಲಿಕಾ, ಒಂದು ನೀರು ಸೇರಿದರೆ ಟಾಲ್ಕ್ (ಬಳಪದ ಕಲ್ಲು ಅಂದ್ರೆ ಇದೇ), ಮೂರು ಕ್ಯಾಲ್ಸೈಟ್, ಮೂರು ಇಂಗಾಲದ ಡೈಆಕ್ಸೈಡ್. ಮೇಲೆ ಬರೆದ ಸರ್ಪೆಂಟೈನ್ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ: ಅಷ್ಟೇ ಡಾಲೊಮೈಟಿಗೆ ಸಿಲಿಕಾ ಎರಡರ ಬದಲು ನಾಲ್ಕು, ನೀರು ಎರಡರ ಬದಲು ಒಂದು. ಸಿಲಿಕಾ ಧಾರಾಳವಾದ ಕಡೆ ಟಾಲ್ಕ್, ಸಿಲಿಕಾ ಕಡಿಮೆ ನೀರು ಜಾಸ್ತಿ ಆದ ಕಡೆ ಸರ್ಪೆಂಟೈನ್.

ಇಂಗಾಲದ ಡೈಆಕ್ಸೈಡ್ ಮಾತೂ ಇದೆ, ಎಲ್ಲರೂ ಮರೆಯೋದು ಅದನ್ನೇ. ಸರ್ಪೆಂಟೈನ್‌ಗೆ ಈ ಅನಿಲ ಆಗಿಬರೋದಿಲ್ಲ. ಬಿಸಿನೀರಿನಲ್ಲಿ ಅದು ಸ್ವಲ್ಪ ಹೆಚ್ಚಾದರೂ ಸರ್ಪೆಂಟೈನ್ ಕರಗಿ ಮತ್ತೆ ಕಾರ್ಬೊನೇಟ್, ಟಾಲ್ಕ್ ಕಡೆಗೆ ವಾಲುತ್ತೆ. ಆದರೆ ಡಾಲೊಮೈಟ್ ಒಡೆದಾಗಲೆಲ್ಲ ಹೊರಬರೋದು ಅದೇ ಅನಿಲ. ಕಲ್ಲು ಬಿಗಿಯಾಗಿ ಮುಚ್ಚಿಕೊಂಡಿದ್ದರೆ ಕ್ರಿಯೆ ತನ್ನ ಉಸಿರಿನಲ್ಲೇ ಉಸಿರುಗಟ್ಟಿ ನಿಲ್ಲುತ್ತೆ. ಅನಿಲ ಹೊರಗೆ ಹೋಗಬೇಕು, ಹೊಸ ನೀರು ಒಳಗೆ ಬರಬೇಕು. ಅಂದ್ರೆ ಬಿರುಕು ಬೇಕು. ಸಿಲ್ ಎಷ್ಟೋ ದೂರ ಹರಡಿದ್ದರೂ ಅದರ ಅಂಚಿನುದ್ದಕ್ಕೂ ಕಲ್ನಾರು ಸಿಗದೆ ಅಲ್ಲಲ್ಲಿ ಮಾತ್ರ ಸಿಗೋದಕ್ಕೆ ನನ್ನ ಮಟ್ಟಿಗೆ ಇದೇ ಮುಖ್ಯ ಕಾರಣ.

ಫೀನಿಕ್ಸ್_ರಘು

ಈ ಚರ್ಚೆ ನೋಡಿ ಖುಷಿಯಾಯ್ತು. ನಾನು ಭೂವಿಜ್ಞಾನಿ ಅಲ್ಲ, ಆದ್ರೆ ಇರೋದು ಅರಿಜೋನಾದಲ್ಲಿ. ಪುಲಿವೆಂದುಲದ ಜೋಡಿ ಇಲ್ಲಿದೆ. ಗ್ಲೋಬ್ ಅನ್ನೋ ಊರಿಂದ ಶೋ ಲೋ ಕಡೆಗೆ 60ನೇ ಹೆದ್ದಾರಿ ಸಾಲ್ಟ್ ರಿವರ್ ಕಣಿವೆಗೆ ಇಳಿಯುತ್ತೆ. ರಸ್ತೆ ಪಕ್ಕದ ಬಂಡೆಯಲ್ಲೇ ಕಪ್ಪು ಡಯಾಬೇಸ್ (ಡೊಲೆರೈಟ್‌ಗೆ ಇಲ್ಲಿಯ ಹೆಸರು) ಕಾಣುತ್ತೆ. ಇಲ್ಲಿಯ ಕಾರ್ಬೊನೇಟ್ ಹೆಸರು ಮೆಸ್ಕಲ್ ಲೈಮ್‌ಸ್ಟೋನ್. ಹೆಸರಿಗೆ ಲೈಮ್‌ಸ್ಟೋನ್, ಒಳಗೆ ಬಹಳಷ್ಟು ಡಾಲೊಮೈಟ್, ಚರ್ಟ್ ಸಮೇತ. ಡಯಾಬೇಸ್ ನುಗ್ಗಿದ್ದು ಸುಮಾರು 110 ಕೋಟಿ ವರ್ಷದ ಹಿಂದೆ. ಅಂಚಿನಲ್ಲಿ ಸರ್ಪೆಂಟೈನ್ ಪಟ್ಟಿ, ಅದರೊಳಗೆ ಕ್ರೈಸೊಟೈಲ್. ಖಂಡ ಬೇರೆ, ವಯಸ್ಸು ಬೇರೆ, ಅಡುಗೆ ಮಾತ್ರ ಒಂದೇ.

ಬಿರುಕಿನ ಬಗ್ಗೆ ಮೇಷ್ಟ್ರು ಹೇಳಿದ್ದಕ್ಕೆ ಇಲ್ಲಿ ಸಾಕ್ಷಿ ಇದೆ. ಇಲ್ಲಿ ಒಳ್ಳೆಯ ನಾರು ಸಿಕ್ಕಿದ್ದು ಡಯಾಬೇಸ್ ಪದರಗಳ ನಡುವೆ ನೆಟ್ಟಗೆ ಹೋದ ಕಡೆ ಅಲ್ಲ. ಒಂದು ಪದರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದ ಹಾಗೆ ಅಡ್ಡ ಕೊಯ್ದ ಕಡೆ, ಅದರ ಪಕ್ಕದಲ್ಲಿ ಪದರಗಳು ಸಣ್ಣಗೆ ಬಾಗಿ ಒಂದರ ಮೇಲೊಂದು ಜಾರಿ ಸಂದಿ ತೆರೆದ ಕಡೆ.

ಇನ್ನೊಂದು ವಿಶೇಷ, ಇಲ್ಲಿಯ ನಾರಿನಲ್ಲಿ ಕಬ್ಬಿಣ ತೀರಾ ಕಡಿಮೆ. ಅದಕ್ಕೇ ವಿದ್ಯುತ್ ನಿರೋಧಕಕ್ಕೆ ಒಳ್ಳೆ ಬೆಲೆ ಇತ್ತಂತೆ.

ಲ್ಯಾಬ್‌ಕೋಟು

ಕಬ್ಬಿಣದ ಮಾತು ಸರಿ. ಪೆರಿಡೊಟೈಟ್‌ನ ಆಲಿವಿನ್‌ನಲ್ಲಿ ಮೆಗ್ನೀಸಿಯಂ ಜೊತೆ ಕಬ್ಬಿಣವೂ ಇರುತ್ತೆ. ಅದು ಸರ್ಪೆಂಟೈನ್ ಆಗುವಾಗ ಆ ಕಬ್ಬಿಣ ಮ್ಯಾಗ್ನೆಟೈಟ್ ಆಗಿ ಹೊರಬಿದ್ದು ನಾರಿನ ಮಧ್ಯೆ ಕಪ್ಪು ಚುಕ್ಕಿಯಾಗಿ ಕೂರುತ್ತೆ. ಡಾಲೊಮೈಟ್‌ನಲ್ಲಿ ಮೊದಲೇ ಕಬ್ಬಿಣ ಇಲ್ಲದಿದ್ರೆ ಹೊರಬೀಳೋಕೆ ಏನಿದೆ? ಕೈಗೆ ಬಂದ ಸರ್ಪೆಂಟೈನ್ ತುಂಡು ಯಾವ ಮನೆಯದು ಅಂತ ಗೊತ್ತಾಗದಿದ್ರೆ ಒಂದು ಅಯಸ್ಕಾಂತಕ್ಕೆ ದಾರ ಕಟ್ಟಿ ಹತ್ತಿರ ಹಿಡೀರಿ. ಖಚಿತ ಪರೀಕ್ಷೆ ಅಲ್ಲ, ಒಂದು ಸುಳಿವು.

ಇನ್ನು ಕ್ರೈಸೊಟೈಲ್ ನಾರಾಗೋದು ಯಾಕೆ ಅನ್ನೋದು ಯಾರೂ ಹೇಳಿಲ್ಲ. ಸರ್ಪೆಂಟೈನ್ ಅಂದ್ರೆ ಒಂದಕ್ಕೊಂದು ಅಂಟಿದ ಎರಡು ಹಾಳೆ: ಒಂದು ಸಿಲಿಕಾದ್ದು, ಇನ್ನೊಂದು ಮೆಗ್ನೀಸಿಯಂದು. ಮೆಗ್ನೀಸಿಯಂ ಹಾಳೆಯ ಅಳತೆ ಒಂದಿಷ್ಟು ದೊಡ್ಡದು. ಹಾಗಾಗಿ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಮುದುರಿ ಸುರುಳಿ ಸುತ್ತಿಕೊಳ್ಳುತ್ತೆ, ಮೆಗ್ನೀಸಿಯಂ ಹೊರಗೆ, ಸಿಲಿಕಾ ಒಳಗೆ. ಒಂದು ಸುರುಳಿಯ ದಪ್ಪ ಸುಮಾರು 25 ನ್ಯಾನೊಮೀಟರ್. ಇಂಥ ಲೆಕ್ಕವಿಲ್ಲದಷ್ಟು ಸುರುಳಿಗಳು ಒಟ್ಟಾದದ್ದೇ ಹನುಮಣ್ಣ ಉಗುರಲ್ಲಿ ಕೆರೆದ ಹತ್ತಿ. ಅದೇ ರಾಸಾಯನಿಕದ ಲಿಜಾರ್ಡೈಟ್ ಚಪ್ಪಟೆಯಾಗಿಯೇ ಉಳಿಯುತ್ತೆ, ಆಂಟಿಗೊರೈಟ್ ಅಲೆಅಲೆಯಾಗಿ ಬಾಗುತ್ತೆ. ಹಸಿರು ಕಲ್ಲೆಲ್ಲ ನಾರಲ್ಲ ಅನ್ನೋದು ಇದಕ್ಕೇ. ಬಿಸಿ ಸುಮಾರು 300–350 ಡಿಗ್ರಿಗಿಂತ ಕೆಳಗಿದ್ದು, ಬಾಯ್ತೆರೆದ ಬಿರುಕಿನಲ್ಲಿ ದ್ರವದಿಂದ ನೇರವಾಗಿ ಬೆಳೆಯೋ ಅವಕಾಶ ಇದ್ದಾಗ ಕ್ರೈಸೊಟೈಲ್ ಮೇಲುಗೈ.

ಸುಮ್ನೆಕೇಳ್ದೆ

ಒಂದು ತಕರಾರು. ಎಲ್ಲರೂ ಬಿರುಕು ಬಿರುಕು ಅಂತೀರಿ. ಕಲ್ಲು ನೀರು ಹೀರಿದ್ರೆ ಊದಬೇಕಲ್ವಾ? ಊದಿದ್ರೆ ಇದ್ದ ಬಿರುಕೂ ಮುಚ್ಚಿಹೋಗಲ್ವಾ? ನಾರು ಬೆಳೆಯೋಕೆ ಜಾಗ ಎಲ್ಲಿಂದ?

ಶರಧಿ_ಎಂಎಸ್ಸಿ

ಒಳ್ಳೇ ಪ್ರಶ್ನೆ. ಮೋಲಾರ್ ಗಾತ್ರ (ಒಂದು ಮೋಲ್ ಖನಿಜ ಹಿಡಿಯೋ ಜಾಗ) ಹಿಡಿದು ಲೆಕ್ಕ ಹಾಕಿದೆ, ಸರ್ ನೋಡಿ ಹೇಳಿ.

ನೇರ ದಾರಿಯಲ್ಲಿ ಮೂರು ಡಾಲೊಮೈಟ್ 193 ಘನ ಸೆಂಮೀ, ಎರಡು ಕ್ವಾರ್ಟ್ಸ್ 45, ಒಟ್ಟು 238. ಆದಮೇಲೆ ಸರ್ಪೆಂಟೈನ್ ಸುಮಾರು 108, ಮೂರು ಕ್ಯಾಲ್ಸೈಟ್ 111, ಒಟ್ಟು 219. ಅಂದ್ರೆ ಘನ ಭಾಗ ಶೇ. 8ರಷ್ಟು ಕುಗ್ಗುತ್ತೆ! ಟ್ರೆಮೊಲೈಟ್ ಕ್ರಿಯೆಯಲ್ಲಿ ಇನ್ನೂ ಜೋರು: 503ರಿಂದ 384ಕ್ಕೆ ಇಳಿಯುತ್ತೆ, ಹೆಚ್ಚುಕಮ್ಮಿ ಕಾಲು ಭಾಗ ಮಾಯ. ಫಾರ್ಸ್ಟರೈಟ್ ನೀರು ಹೀರುವಾಗ ಮಾತ್ರ ಉಲ್ಟಾ, 88 ಇದ್ದದ್ದು ಬ್ರೂಸೈಟ್ ಸೇರಿ 133 ಆಗುತ್ತೆ.

ಹಾಗಾದ್ರೆ ಪೆರಿಡೊಟೈಟ್‌ನಲ್ಲಿ ಕಲ್ಲು ಊದುತ್ತೆ, ಡಾಲೊಮೈಟ್‌ನಲ್ಲಿ ಮೊದಲು ಕುಗ್ಗುತ್ತೆ. ಕ್ರಿಯೆಯೇ ತನಗೆ ಬೇಕಾದ ಜಾಗ ಮಾಡಿಕೊಳ್ಳುತ್ತೆ ಅನ್ಬಹುದಾ?

ಕಲ್ಲುಮೇಷ್ಟ್ರು

ಶಹಬಾಸ್. ಲೆಕ್ಕ ಸರಿ ಇದೆ, ಈ ಮೂರು ಸಾಲು ವೈವಾದಲ್ಲಿ ಹೇಳಿ ಸಾಕು.

"ಅನ್ಬಹುದಾ" ಅಂತ ಕೇಳಿದ್ದಕ್ಕೆ: ಅರ್ಧ ಅನ್ನಬಹುದು. ಭೂಮಿಯೊಳಗೆ ಮೇಲಿನ ಭಾರ ಇರುತ್ತೆ, ಖಾಲಿ ಜಾಗ ಹಾಗೇ ಬಾಯಿ ತೆರೆದುಕೊಂಡು ಕೂರೋದಿಲ್ಲ. ಕುಗ್ಗಿದ ಕಡೆ ಕಲ್ಲು ಕುಸಿದು ಒಡೆಯುತ್ತೆ, ಅನಿಲದ ಒತ್ತಡ ಇನ್ನಷ್ಟು ಒಡೆಯುತ್ತೆ, ಸಿಲ್ ಆರಿ ಕುಗ್ಗುವಾಗ ಪದರಗಳು ಜಾರುತ್ತವೆ. ಬಿರುಕು ಕೂದಲೆಳೆಯಷ್ಟು ತೆರೆದಾಗ ಅಷ್ಟನ್ನು ನಾರು ತುಂಬುತ್ತೆ, ಮತ್ತೆ ತೆರೆದಾಗ ಮತ್ತೆ ತುಂಬುತ್ತೆ. ನಾರು ಗೋಡೆಯಿಂದ ಗೋಡೆಗೆ ನೆಟ್ಟಗೆ ನಿಂತಿರೋದು ಹೀಗೆ ತೆರೆದ ದಿಕ್ಕನ್ನೇ ಹಿಡಿದು ಬೆಳೆದದ್ದರಿಂದ. ಹನುಮಣ್ಣನ ತುಂಡಿನಲ್ಲಿ ನಾರು ಓರೆಯಾಗಿದ್ದರೆ ಬಿರುಕು ತೆರೆಯುವಾಗ ಪಕ್ಕಕ್ಕೂ ಜಾರಿದೆ ಅಂತ ಅರ್ಥ.

ರಾಯದುರ್ಗದಹನುಮ

ಒಂದು ತುದಿಯಲ್ಲಿ ಸ್ವಲ್ಪ ಓರೆ ಇದೆ ಮೇಷ್ಟ್ರೇ. ಕವರ್ ಹೊರಗಿಂದಲೇ ನೋಡಿದ್ದು, ಲ್ಯಾಬ್‌ಕೋಟು ಬೈಬೇಡಿ.

ಬಾಗಲಕೋಟಿ_ಬಸು

ನಮಸ್ಕಾರ್ರೀ. ನಾ ಲೋಕಾಪುರದ ಕಡೆ ಡಾಲೊಮೈಟ್ ಕ್ವಾರಿ ಕೆಲಸದಾಗ ಅದೀನಿ. ಇದನ್ನೆಲ್ಲ ಓದಿ ಎದಿ ಧಸಕ್ ಅಂತು. ನಮ್ಮದೂ ಡಾಲೊಮೈಟ, ಚರ್ಟೂ ಐತಿ. ಮತ್ತ ನಮ್ಮಲ್ಲಿ ಕಲ್ನಾರ ಐತೇನ್ರಿ? ದಿನಾ ಅದರ ಧೂಳ ಕುಡೀತೀವಿ.

ಕಲ್ಲುಮೇಷ್ಟ್ರು

ಬಸು ಅವರೇ, ಗಾಬರಿ ಬೇಡ. ಕಲಾದಗಿ ಬೇಸಿನ್ನಿನ ಡಾಲೊಮೈಟಿನಲ್ಲಿ ಮೆಗ್ನೀಸಿಯಂ ಇದೆ, ಸಿಲಿಕಾ ಇದೆ, ಬೆಂಕಿ ಇಲ್ಲ. ಪುಲಿವೆಂದುಲದ ಹಾಗೆ ಪದರಗಳ ನಡುವೆ ದೂರದೂರ ಹರಡಿದ ದಪ್ಪ ಡೊಲೆರೈಟ್ ಸಿಲ್ ನಿಮ್ಮ ಕಡೆ ಕಾಣೋದಿಲ್ಲ. ಕಲ್ಲು ಮಡಚಿದೆ, ಬಾಗಿದೆ, ಆದರೆ ಟ್ರೆಮೊಲೈಟ್ ಹುಟ್ಟುವಷ್ಟು ಕಾದಿಲ್ಲ. ಟ್ರೆಮೊಲೈಟ್ ಬೇಕೆಂದರೆ 400 ಡಿಗ್ರಿಯ ಆಸುಪಾಸಿಗಾದರೂ ಹೋಗಬೇಕು. ಶಹಾಬಾದ್ ಕಲ್ಲೂ ಹಾಗೇ, ಭೀಮಾ ಬೇಸಿನ್ನಿನ ರೂಪಾಂತರವಾಗದ ಸುಣ್ಣದ ಕಲ್ಲು.

ಇದಕ್ಕೆ ಎದುರು ತುದಿ ನಮ್ಮ ಮೈಸೂರು ಜಿಲ್ಲೆಯ ಸರಗೂರು ಪಟ್ಟಿಯ ಹಳೇ ಅಮೃತಶಿಲೆಗಳು. ಅವು ಎಷ್ಟು ಕಾದಿವೆ ಅಂದ್ರೆ ಡಯಾಪ್ಸೈಡ್, ಫಾರ್ಸ್ಟರೈಟ್ ತನಕ ಹೋಗಿವೆ. ಹಾಗಾಗಿ "ಡಾಲೊಮೈಟ್ ಇದೆ, ಕಲ್ನಾರು ಇರಬೇಕು" ಅನ್ನೋ ಲೆಕ್ಕ ನಡೆಯೋದಿಲ್ಲ. ಕಾದಿರಬೇಕು, ಸಾಕಷ್ಟು ನೀರು ಹರಿದಿರಬೇಕು, ಆರುವಾಗ ಬಿರುಕು ತೆರೆದಿರಬೇಕು. ಮೂರೂ ಒಂದೇ ಜಾಗದಲ್ಲಿ ಕೂಡಿಬರೋದು ಅಪರೂಪ.

ಲ್ಯಾಬ್‌ಕೋಟು

ಬಸು ಅವರೇ, ಕಲ್ನಾರು ಇಲ್ಲ ಅಂತ ಮಾಸ್ಕ್ ಬಿಡಬೇಡಿ. ಚರ್ಟ್ ಅಂದ್ರೆ ಸಿಲಿಕಾ. ನಿಮ್ಮ ಕ್ರಷರ್ ಧೂಳಿನಲ್ಲಿ ನಿಜವಾಗಿ ಹೆದರಬೇಕಾದ್ದು ಸಿಲಿಕೋಸಿಸ್‌ಗೆ, ಅಂದ್ರೆ ಸಿಲಿಕಾ ಧೂಳಿನಿಂದ ಬರೋ ಶ್ವಾಸಕೋಶದ ಕಾಯಿಲೆಗೆ. ಕರ್ಚೀಫ್ ಕಟ್ಟಿಕೊಂಡ್ರೆ ಸಾಲದು, ನೀರು ಸಿಂಪಡಿಸಿಯೇ ಒಡೀಬೇಕು.

ಬಾಗಲಕೋಟಿ_ಬಸು

ನೀರ ಹೊಡಿಸ್ರಿ ಅಂತ ನಾವೂ ಹೇಳಿ ಹೇಳಿ ಸಾಕಾಗೇತ್ರಿ. ಇನ್ಸ್‌ಪೆಕ್ಷನ್ ಇದ್ದ ದಿನ ಅಷ್ಟ ಪೈಪ್ ಹೊರಗ ಬರತೈತಿ.

ಸುಮಾ_ತುಮಕೂರು

ನಾನು ಗೃಹಿಣಿ, ಮೇಲಿನದ್ದು ಅರ್ಧಕ್ಕರ್ಧ ಅರ್ಥ ಆಯ್ತು. ರಂಗೋಲಿ ಪುಡಿ, ಮುಖದ ಪೌಡರ್ ಎಲ್ಲ ಇದೇ ಬಳಪದ ಕಲ್ಲು, ಡಾಲೊಮೈಟ್ ಪುಡಿಯಿಂದ ಮಾಡ್ತಾರಂತೆ. ಟಾಲ್ಕ್‌ಗೂ ಕಲ್ನಾರಿಗೂ ರಕ್ತಸಂಬಂಧ ಅಂದ್ರಲ್ಲ, ಹಾಗಾದ್ರೆ ಪುಡಿಯಲ್ಲಿ ನಾರು ಸೇರಿರುತ್ತಾ?

ಲ್ಯಾಬ್‌ಕೋಟು

ಸುಮಾ ಮೇಡಂ, ಈ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆ ಅಂದ್ರೆ ಇದು. ಉತ್ತರ: ಟಾಲ್ಕ್ ಎಲ್ಲಿ ಹೇಗೆ ಹುಟ್ಟಿತು ಅನ್ನೋದರ ಮೇಲೆ ನಿಂತಿದೆ.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ದಕ್ಷಿಣಕ್ಕಿರುವ ಟಾಲ್ಕ್, ಡಯಾಬೇಸ್ ಸಿಲ್ ನುಗ್ಗಿ ಕಾಯಿಸಿದ ಡಾಲೊಮೈಟ್‌ನದ್ದು, ಪುಲಿವೆಂದುಲದ ಥರವೇ. ಅದರಲ್ಲಿ ಟ್ರೆಮೊಲೈಟ್ ಥರದ ಆಂಫಿಬೋಲ್ ಸದಾ ಜೊತೆಗಿರುತ್ತೆ, ಕೆಲವು ಕಡೆ ನಾರಿನ ರೂಪದಲ್ಲೇ. ಮೊಂಟಾನಾದ ನೈರುತ್ಯ ಭಾಗದ ಟಾಲ್ಕ್ ಕೂಡ ಡಾಲೊಮೈಟ್‌ನಲ್ಲೇ ಹುಟ್ಟಿದ್ದು, ಆದ್ರೆ ಶಿಲಾಪಾಕದ ನೇರ ಕಾವಿಲ್ಲದೆ ಬಿಸಿನೀರು ಹರಿದು ಆದದ್ದು. ಅದರಲ್ಲಿ ಆಂಫಿಬೋಲ್ ವಿರಳ. ಅಂದ್ರೆ ಹುಟ್ಟಿನ ಕಥೆ ಗೊತ್ತಿದ್ರೆ ಯಾವ ಗಣಿಯ ಟಾಲ್ಕ್ ಮೇಲೆ ಜಾಸ್ತಿ ಕಣ್ಣಿಡಬೇಕು ಅಂತ ಮೊದಲೇ ಹೇಳಬಹುದು.

ನಿಮ್ಮ ಡಬ್ಬದಲ್ಲಿರೋ ಪುಡಿಯಲ್ಲಿ ಇದೆಯೋ ಇಲ್ಲವೋ ನೋಡಿ ಹೇಳೋಕಾಗಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಹೋಗಬೇಕು. ಮಗುವಿಗೆ ಪೌಡರ್ ಹಾಕೋದು ನಾನಂತೂ ಬಿಟ್ಟಿದ್ದೀನಿ. ರಂಗೋಲಿ ಪುಡಿಯನ್ನ ಮುಖದ ಹತ್ತಿರ ಜರಡಿ ಹಿಡೀಬೇಡಿ, ಅಂಗಳ ಒದ್ದೆ ಮಾಡಿ ಹಾಕಿ. ನೀವು ಹೇಗಿದ್ರೂ ನೀರು ಹಾಕೇ ರಂಗೋಲಿ ಬಿಡೋದಲ್ವಾ.

ಸುಮಾ_ತುಮಕೂರು

ಹೌದು, ಸಾರಿಸಿಯೇ ಹಾಕೋದು. ಅಕ್ಕಿಹಿಟ್ಟಿಗೆ ವಾಪಸ್ ಹೋಗೋದು ವಾಸಿ ಅನ್ನಿಸ್ತು.

ಸುಮ್ನೆಕೇಳ್ದೆ

"ಕೆಲವು ಕಡೆ ನಾರಿನ ರೂಪದಲ್ಲಿ" ಅಂದ್ರೆ? ಟ್ರೆಮೊಲೈಟ್ ಅಂದ್ರೇನೇ ಕಲ್ನಾರಲ್ವಾ?

ಲ್ಯಾಬ್‌ಕೋಟು

ಅಲ್ಲ. ಕೋರ್ಟಿನಲ್ಲೂ ಜಗಳ ಇದಕ್ಕೇ ನಡೆಯೋದು. ಟ್ರೆಮೊಲೈಟ್ ಹೆಚ್ಚಾಗಿ ಸಿಗೋದು ಗಟ್ಟಿ ಕಡ್ಡಿಯಾಗಿ, ಬೆಳ್ಳಗೆ ಬೀಸಣಿಗೆಯಾಕಾರದಲ್ಲಿ ಅಮೃತಶಿಲೆಯೊಳಗೆ ಹರಡಿಕೊಂಡು. ಒಡೆದ್ರೆ ಸೂಜಿ ಚೂರು ಬರುತ್ತೆ, ಬಾಗಿಸಿದ್ರೆ ಮುರಿಯುತ್ತೆ. ನಾರಿನ ರೂಪದ್ದು ಬಾಗುತ್ತೆ, ಸೀಳಿದಷ್ಟೂ ಸೀಳುತ್ತೆ. ರಾಸಾಯನಿಕ ಎರಡಕ್ಕೂ ಒಂದೇ. ಮೊದಲನೆಯದು ಇಕ್ಕಟ್ಟಾದ ಕಲ್ಲಿನೊಳಗೆ ನಿಧಾನ ಬೆಳೆದದ್ದು. ಎರಡನೆಯದು ಜಾರುಬಿರುಕಿನಲ್ಲಿ ದ್ರವ ಹರಿಯುತ್ತಿದ್ದಾಗ ಒಂದೇ ಸಲಕ್ಕೆ ಅಸಂಖ್ಯ ಮೊಳಕೆಯೊಡೆದು ಒಂದೇ ದಿಕ್ಕಿಗೆ ಬೆಳೆದದ್ದು.

ಗಾಳಿಯ ಮಾದರಿ ಎಣಿಸುವಾಗ ನಾವು ನೋಡೋದು ಉದ್ದ 5 ಮೈಕ್ರಾನ್‌ಗಿಂತ ಹೆಚ್ಚು, ದಪ್ಪ 3 ಮೈಕ್ರಾನ್‌ಗಿಂತ ಕಡಿಮೆ, ಉದ್ದ ದಪ್ಪದ ಕನಿಷ್ಠ ಮೂರು ಪಟ್ಟು. ಮುರಿದ ಕಡ್ಡಿಯ ಚೂರೂ ಎಷ್ಟೋ ಸಲ ಈ ಅಳತೆಗೆ ಸಿಕ್ಕಿಬೀಳುತ್ತೆ. ಗಣಿಯವರು "ಅದು ನಾರಲ್ಲ, ಬರೀ ಚೂರು" ಅಂತಾರೆ. ಶ್ವಾಸಕೋಶ ಆ ವಾದ ಒಪ್ಪುತ್ತಾ ಅನ್ನೋದೇ ಜಗಳ. ನನ್ನ ಅಭಿಪ್ರಾಯ ಕೇಳಿದ್ರೆ, ಉಸಿರಾಡೋ ಜಾಗದಲ್ಲಿ ಈ ವಾದವೇ ಬೇಡ, ಎರಡನ್ನೂ ದೂರ ಇಡಿ. ಕ್ರೈಸೊಟೈಲ್ ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತೆ ಅನ್ನೋದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಅನುಮಾನ ಇಲ್ಲ.

ಫೀನಿಕ್ಸ್_ರಘು

ದೂರ ಇಡದಿದ್ರೆ ಏನಾಗುತ್ತೆ ಅನ್ನೋದಕ್ಕೆ ನಾನು ಹೇಳಿದ ಗ್ಲೋಬ್ ಊರೇ ಸಾಕ್ಷಿ. ಮೆಸ್ಕಲ್ ಕಲ್ಲಿನ ನಾರು ಬೇರ್ಪಡಿಸುತ್ತಿದ್ದ ಗಿರಣಿಯ ಕಸದ ಮೇಲೆಯೇ 1970ರ ದಶಕದಲ್ಲಿ ಮೊಬೈಲ್ ಮನೆಗಳ ಬಡಾವಣೆ ಎದ್ದಿತು. ಮಕ್ಕಳು ಆಡ್ತಿದ್ದದ್ದು ಅದೇ ಮಣ್ಣಿನಲ್ಲಿ. ಗೊತ್ತಾದ ಮೇಲೆ 1983ರಲ್ಲಿ ಅದನ್ನ ಸೂಪರ್‌ಫಂಡ್ (ಸರ್ಕಾರ ಶುಚಿ ಮಾಡಿಸೋ ವಿಷಕಸದ ಜಾಗಗಳ) ಪಟ್ಟಿಗೆ ಸೇರಿಸಿದ್ರು, ಜನರನ್ನ ಖಾಲಿ ಮಾಡಿಸಿದ್ರು, ಮನೆಗಳನ್ನ ಅಲ್ಲೇ ಹೂತು ಮಣ್ಣು ಮುಚ್ಚಿದ್ರು.

ರಾಯದುರ್ಗದಹನುಮ

ನಮ್ಮ ಕಡೆ ಹಳೇ ಗುಂಡಿಗಳ ಪಕ್ಕದ ತಿಪ್ಪೆಗಳಲ್ಲಿ ಕುರಿ ಮೇಯ್ತಾವೆ. ಮಾವ ಲಾರಿ ಓಡಿಸೋವಾಗ ಟಾರ್ಪಾಲ್ ಕೂಡ ಹಾಕ್ತಿರಲಿಲ್ಲವಂತೆ. ಸರ್ಕಾರ ಗಣಿ ನಿಲ್ಲಿಸಿದ್ದು ಯಾವಾಗ?

ಕಲ್ಲುಮೇಷ್ಟ್ರು

1986ರಲ್ಲಿ ಕೇಂದ್ರ ಸರ್ಕಾರ ಕಲ್ನಾರಿಗೆ ಹೊಸ ಗುತ್ತಿಗೆ ಕೊಡೋದು ನಿಲ್ಲಿಸಿತು, 1993ರಲ್ಲಿ ಹಳೇದನ್ನ ನವೀಕರಿಸೋದನ್ನೂ ನಿಲ್ಲಿಸಿತು. ಕಾರ್ಮಿಕರ ಆರೋಗ್ಯದ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು 1995ರಲ್ಲಿ ಬಂತು. ಆದರೆ ಕಲ್ನಾರು ಶೀಟಿನ ಕಾರ್ಖಾನೆಗಳು ನಿಂತಿಲ್ಲ, ರಷ್ಯಾ ಮುಂತಾದ ಕಡೆಯಿಂದ ಕ್ರೈಸೊಟೈಲ್ ತರಿಸಿಕೊಳ್ತಾರೆ. ನಮ್ಮ ನೆಲದ್ದು ತೆಗೆಯೋದು ಅಪಾಯ, ಹೊರಗಿನದ್ದು ಮನೆ ಸೂರಿಗೆ ಹಾಕೋದು ಸರಿ. ಈ ನ್ಯಾಯ ನನಗಂತೂ ಅರ್ಥವಾಗಿಲ್ಲ.

ಮಾವನವರಿಗೆ ಕೆಮ್ಮು, ಏದುಸಿರು ಇದ್ದರೆ ಎದೆಯ ಡಾಕ್ಟರಿಗೆ ತೋರಿಸುವಾಗ ಆ ಲಾರಿ ಕೆಲಸದ ವಿಷಯ ಮರೆಯದೆ ಹೇಳಿ. ಈ ಕಾಯಿಲೆಗಳು ಇಪ್ಪತ್ತು ಮೂವತ್ತು ವರ್ಷ ಬಿಟ್ಟು ತಲೆ ಎತ್ತುತ್ತವೆ. ಕೇಳದೆ ಇದ್ದರೆ ಡಾಕ್ಟರಿಗೂ ಹೊಳೆಯೋದಿಲ್ಲ.

ಶರಧಿ_ಎಂಎಸ್ಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೇ ಪ್ರಶ್ನೆ, ಫೀಲ್ಡ್‌ನಲ್ಲಿ ಏನು ಹುಡುಕಲಿ? ನಾರಿನ ತುಂಡು ತರೋದಿಲ್ಲ ಅಂತ ಆಗಲೇ ತೀರ್ಮಾನ ಮಾಡಿದೀನಿ.

ಕಲ್ಲುಮೇಷ್ಟ್ರು

ಒಳ್ಳೇ ತೀರ್ಮಾನ. ನಾರಿಗಿಂತ ಚೆಂದದ್ದು ಚರ್ಟ್ ಗಂಟು. ಸಿಲ್‌ನಿಂದ ದೂರ ಇರೋ ಡಾಲೊಮೈಟ್‌ನಲ್ಲಿ ಮೊದಲು ಒಂದು ಗಂಟು ನೋಡಿ ಇಟ್ಟುಕೊಳ್ಳಿ: ಅಂಚು ಚೂಪಾಗಿ, ಚರ್ಟ್ ನೇರವಾಗಿ ಡಾಲೊಮೈಟಿಗೆ ತಾಗಿರುತ್ತೆ. ಆಮೇಲೆ ಸಿಲ್ ಕಡೆ ನಡೆಯುತ್ತಾ ಬನ್ನಿ. ಕಾದ ಡಾಲೊಮೈಟಿನಲ್ಲಿ ಗಂಟಿನ ಸುತ್ತ ತೊಗಟೆ ಕಟ್ಟುತ್ತೆ. ಚರ್ಟಿಗೆ ಹತ್ತಿದ ಕಡೆ ಟಾಲ್ಕ್ ಅಥವಾ ಟ್ರೆಮೊಲೈಟ್, ಅದರಾಚೆ ಬೆಳ್ಳನೆಯ ಕ್ಯಾಲ್ಸೈಟ್, ಅದರಾಚೆ ಡಾಲೊಮೈಟ್. ಮೇಲೆ ಬರೆದ ಕ್ರಿಯೆಗಳಲ್ಲಿ ಎಡಗಡೆ ಇದ್ದದ್ದು, ಬಲಗಡೆ ಬಂದದ್ದು ಎಲ್ಲ ಒಂದು ಅಂಗೈಯಗಲದಲ್ಲಿ ಸಿಗುತ್ತೆ. ಸಿಲ್‌ನಿಂದ ಎಷ್ಟು ದೂರದಲ್ಲಿ ತೊಗಟೆ ಶುರುವಾಯ್ತು ಅಂತ ಹೆಜ್ಜೆ ಹಾಕಿ ಬರೆದುಕೊಳ್ಳಿ. ಶಿಲಾಪಾಕದ ಕಾವು ಎಲ್ಲಿಯತನಕ ಮುಟ್ಟಿತ್ತು ಅನ್ನೋದಕ್ಕೆ ಅದೇ ಗುರುತು.

ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಬಾಟ್ಲಿ ಇರಲಿ. ಕ್ಯಾಲ್ಸೈಟ್ ಬುಸುಬುಸು ಅನ್ನುತ್ತೆ. ಡಾಲೊಮೈಟನ್ನ ಕೆರೆದು ಪುಡಿ ಮಾಡಿ ಹಾಕಿದರೆ ಮಾತ್ರ ಮೆಲ್ಲಗೆ ಗುಳ್ಳೆ ಬರುತ್ತೆ. ಸರ್ಪೆಂಟೈನ್ ಸುಮ್ಮನಿರುತ್ತೆ. ಹಸಿರು ಪಟ್ಟಿ ಕಂಡ ಕಡೆ ಸುತ್ತಿಗೆ ಎತ್ತಬೇಡಿ.

ಲ್ಯಾಬ್‌ಕೋಟು

ಗಾಳಿ ಬೀಸೋ ಕಡೆ ಬೆನ್ನು ಮಾಡಿ ನಿಲ್ಲಿ. ಬಟ್ಟೆ ಮಾಸ್ಕ್ ಅಲ್ಲ, ಪಿ100 ಫಿಲ್ಟರ್ (ಅತಿ ಸಣ್ಣ ಧೂಳು ತಡೆಯೋ ದರ್ಜೆ) ಇರೋದು. ಗುಂಡಿಯೊಳಗೆ ಇಳೀಬೇಡಿ. ಹಾಕಿಕೊಂಡ ಬಟ್ಟೆ, ಶೂ ಹಾಸ್ಟೆಲ್ ರೂಮಿಗೆ ಹಾಗೇ ತರಬೇಡಿ. ಒದ್ದೆ ಮಾಡಿ ಬೇರೆ ಕವರಲ್ಲಿ ತಂದು ಬೇರೆಯಾಗಿ ಒಗೀರಿ.

ಬಾಗಲಕೋಟಿ_ಬಸು

ತಂಗಿ, ಕಾಯದ ಗಂಟು ಬೇಕಿದ್ರ ನಮ್ಮ ಕ್ವಾರಿಗೂ ಬಾರವ್ವಾ, ಹೋಲಿಸಿ ನೋಡಾಕ. ಚರ್ಟ್ ಗಂಟು ಬೇಕಾದಷ್ಟ ಅದಾವ. ಪೈಪ್ ಹಚ್ಚಿ ನೀರ ಹೊಡಿಸೇ ಒಡೆಸ್ತೀನಿ.